ಬಾಯಿ ಬಿಡದ ತೊಂಬತ್ತು ದಿನ

ಬೆಳಗಿನ ಐದೂಮುಕ್ಕಾಲು. ತಿ. ನರಸೀಪುರ ದಾಟಿ ಸೋಸಲೆ ಕಡೆ ಹೊರಳುವ ರಸ್ತೆಯ ಮೇಲೆ ಇನ್ನೂ ಮಂಜು ಕೂತಿದೆ. ನದಿ ದಂಡೆಯ ಪಂಪ್‌ಹೌಸಿನ ಮುಂದೆ ಸ್ಕೂಟರ್ ನಿಲ್ಲಿಸಿದ ಇಂದ್ರಾಣಿ, ಹೆಲ್ಮೆಟ್ಟು ತೆಗೆದವರೇ ಮೊದಲು ಗಾಳಿ ಮೂಸುತ್ತಾರೆ. ಬ್ಲೀಚಿಂಗ್ ವಾಸನೆ ದಿನದಷ್ಟೇ ಇದೆಯೋ, ಒಂದು ಚೂರು ಜಾಸ್ತಿ ಇದೆಯೋ? ಆಮೇಲೆ ಒಳಗೆ ಹೋಗಿ, ಊರುಗಳಿಗೆ ಹೊರಡುವ ಪೈಪಿನ ನಲ್ಲಿಯಿಂದ ಗಾಜಿನ ಸಣ್ಣ ಕೊಳವೆಗೆ ನೀರು ಹಿಡಿದು, ಎರಡು ಹನಿ ಔಷಧಿ ಬಿಟ್ಟು, ಬಾಗಿಲ ಬೆಳಕಿಗೆ ಎತ್ತಿ ನೋಡುತ್ತಾರೆ. ನೀರು ತೆಳ್ಳಗೆ ಹಳದಿಯಾದರೆ ಸರಿ, ಗಾಢವಾದರೆ ಕ್ಲೋರಿನ್ ಮಿತಿ ಮೀರಿದೆ ಎಂದರ್ಥ. ಇವತ್ತು ತೆಳ್ಳಗಿದೆ. ಅಲ್ಲಿಯವರೆಗೆ ಯಾರ ಜೊತೆಗೂ ಮಾತಾಡದ ಹೆಂಗಸು ಈಗ "ಕಾಫಿ ಕುಡಿದ್ರಾ?" ಎಂದು ನನ್ನನ್ನು ವಿಚಾರಿಸುತ್ತಾರೆ.

"ಮೊದ್ಲು ವಾರಕ್ಕೊಂದ್ಸಲ ನೋಡ್ತಿದ್ದೆ. ಈಗ ದಿನಾ ನೋಡ್ದಿದ್ರೆ ಅನ್ನ ಇಳಿಯಲ್ಲ ಕಣ್ರೀ. ಭಯ ಅನ್ನೋದು ಒಂದ್ಸಲ ಒಳಗೆ ಬಂದ್ರೆ ಬಾಡಿಗೆ ಮನೆಯೋರ ಥರ ಖಾಲಿ ಮಾಡೋದೇ ಇಲ್ಲ," ಎಂದು ನಗುತ್ತಾರೆ. ನಗು ಬಾಯಲ್ಲಿದೆ, ಕಣ್ಣು ಮಾತ್ರ ಗೋಡೆಯ ಮೇಲಿನ ಪೆಟ್ಟಿಗೆಯ ಮೇಲೇ ಇದೆ.

ಇಂದ್ರಾಣಿಗೆ ಮೂವತ್ತೊಂಬತ್ತು. ನಂಜನಗೂಡಿನವರು. ತಂದೆ ಲಾರಿಗೆ ಮೂಟೆ ಹೊತ್ತವರು, ತಾಯಿ ಮಹದೇವಮ್ಮ ಗದ್ದೆ ನಾಟಿಗೆ ಹೋದವರು. ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದಾಗ ಬೀದಿಯವರೆಲ್ಲ "ಇನ್ನೇನು, ಟಿ.ವಿ. ರಿಪೇರಿ ಮಾಡ್ತಾಳೆ ಬುಡು" ಎಂದಿದ್ದರಂತೆ. ಹದಿನಾಲ್ಕು ವರ್ಷದಿಂದ ಅವರು ಮಾಡುತ್ತಿರುವುದು ಕುಡಿಯುವ ನೀರಿನ ಯೋಜನೆಯೊಂದರ ಪೆಟ್ಟಿಗೆಗಳ ರಿಪೇರಿ. ಗುತ್ತಿಗೆ ನೌಕರಿ. ಎರಡು ತಾಲ್ಲೂಕುಗಳಲ್ಲಿ ಇಪ್ಪತ್ತಾರು ಪಂಪ್‌ಹೌಸು, ಮೂವತ್ತೊಂದು ಊರು, ದಿನಕ್ಕೆ ಸ್ಕೂಟರಿನಲ್ಲಿ ತೊಂಬತ್ತು ಕಿಲೋಮೀಟರು. ಆ ಮೂವತ್ತೊಂದು ಊರಲ್ಲಿ ಯಾರನ್ನಾದರೂ ನಿಲ್ಲಿಸಿ ಇಂದ್ರಾಣಿ ಯಾರು ಎಂದು ಕೇಳಿ ನೋಡಿ. ಯಾರಿಗೂ ಗೊತ್ತಿಲ್ಲ. ನೀರು ಬಂದರೆ ಯಾರು ಬಿಟ್ಟರು ಎಂದು ಕೇಳುವ ಅಭ್ಯಾಸ ನಮಗೆಲ್ಲಿದೆ?

ಪೆಟ್ಟಿಗೆ ಅಂದೆ. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಒಳಗೊಂದು ಮೊಬೈಲ್ ಸಿಮ್ಮು. ಮೋಟಾರು ಯಾವಾಗ ಓಡಬೇಕು, ನೀರಿಗೆ ಕ್ಲೋರಿನ್ ಎಷ್ಟು ಬೀಳಬೇಕು ಎಂಬುದನ್ನು ಇದೇ ನಡೆಸುತ್ತದೆ. ಆಪರೇಟರ್ ಮೊಬೈಲಿನಿಂದ ಇದಕ್ಕೆ ಸಂದೇಶ ಕಳಿಸುತ್ತಾನೆ, ಇದು ಆಫೀಸಿಗೆ ಉತ್ತರ ಕಳಿಸುತ್ತದೆ. ಈ ಮಾತುಕತೆ ನಡೆಸುವ ಸಾಫ್ಟ್‌ವೇರನ್ನು ಪೆಟ್ಟಿಗೆ ಮಾಡಿದ ಕಂಪನಿ ಬರೆದದ್ದಲ್ಲ. ಪ್ರಪಂಚದಲ್ಲಿ ಯಾರು ಬೇಕಾದರೂ ತೆಗೆದುಕೊಂಡು ಬಳಸಲಿ ಎಂದು ಯಾರೋ ಪುಣ್ಯಾತ್ಮರು ಬರೆದು ಬಿಟ್ಟಿಯಾಗಿ ಕೊಟ್ಟಿರುವ ಸಿದ್ಧ ಕೋಡಿನ ಕಂತೆ, ಕಸುಬಿನವರು ಲೈಬ್ರರಿ ಎನ್ನುವುದು ಅದನ್ನೇ. ಇಂಥ ಲೈಬ್ರರಿಗಳು ಎಷ್ಟು ಯಂತ್ರಗಳ ಹೊಟ್ಟೆಯಲ್ಲಿ ಕೂತಿವೆ ಎಂಬ ಲೆಕ್ಕ ಬರೆದವರಿಗೂ ಇರುವುದಿಲ್ಲ.

ಕಳೆದ ಫೆಬ್ರವರಿಯ ಒಂದು ಸೋಮವಾರ. ಆಪರೇಟರುಗಳು ಡ್ಯೂಟಿ ಹತ್ತುವಾಗ ಮೊಬೈಲಿನಲ್ಲಿ ತಮ್ಮ ಹೆಸರು ಟೈಪು ಮಾಡಬೇಕು, ಕನ್ನಡದಲ್ಲೇ ಮಾಡಬಹುದು ಎಂಬ ಹೊಸ ಆದೇಶ ಅವತ್ತಿನಿಂದ ಜಾರಿ. ಎಲ್ಲರೂ ಎರಡಕ್ಷರ ಮೂರಕ್ಷರ ಒತ್ತಿ ಕೆಲಸ ಮುಗಿಸಿದರು. ಮೂಗೂರಿನ ಚಿಕ್ಕಮಾದು ಹಾಗೆ ಮಾಡುವ ಆಸಾಮಿಯಲ್ಲ. ಐವತ್ತಾರು ವರ್ಷದ ಮನುಷ್ಯ, ಇದೇ ನದಿ ದಂಡೆಯ ಪಂಪ್‌ಹೌಸಿನಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವರು. ಸರ್ಕಾರಕ್ಕೆ ಹೆಸರು ಕೊಡುವುದೆಂದರೆ ಪಹಣಿಯಲ್ಲಿ ಇರುವ ಹಾಗೆ ಕೊಡಬೇಕು ಎಂಬುದು ಅವರ ಲೆಕ್ಕ. ಕನ್ನಡಕ ಮೂಗಿಗೇರಿಸಿ, ಒಂದೊಂದೇ ಅಕ್ಷರ ಹುಡುಕಿ, ಹತ್ತು ನಿಮಿಷ ಕೂತು ಬರೆದರು: ಚಿಕ್ಕಮಾದು ಬಿನ್ ಲೇಟ್ ಕುಂಟಮಾದಯ್ಯ, ಮೂಗೂರು, ತಿ. ನರಸೀಪುರ ತಾಲ್ಲೂಕು. ಕಳಿಸುವ ಗುಂಡಿ ಒತ್ತಿದರು. ಪೆಟ್ಟಿಗೆಯ ದೀಪ ಒಮ್ಮೆ ಆರಿ ಮತ್ತೆ ಹತ್ತಿತು. ಅವರು ಟೀ ಕುಡಿಯಲು ಹೊರಗೆ ಬಂದರು.

ಒಂದೂವರೆ ಗಂಟೆಯಾದ ಮೇಲೆ ಕೆಳಗಿನ ಊರೊಂದರ ಅಂಗನವಾಡಿಯಲ್ಲಿ ಅಡುಗೆಯ ಚನ್ನಬಸಮ್ಮ ನಲ್ಲಿ ತಿರುಗಿಸಿದರೆ ಕಣ್ಣು ಉರಿಯುವಷ್ಟು ವಾಸನೆ. ಪುಣ್ಯಾತ್ಗಿತ್ತಿ ಹಿಡಿದಿದ್ದ ನೀರನ್ನೆಲ್ಲ ಅಂಗಳಕ್ಕೆ ಸುರಿದು, "ಯಾರೂ ಕುಡೀಬ್ಯಾಡ್ರೋ" ಎಂದು ಬೀದಿ ಉದ್ದಕ್ಕೂ ಕೂಗುತ್ತಾ ಓಡಿದರು. ಅಷ್ಟರಲ್ಲಿ ಇಬ್ಬರು ಮಕ್ಕಳು ಒಂದೊಂದು ಲೋಟ ಕುಡಿದಾಗಿತ್ತು. ಗಂಟಲು ಉರಿ, ವಾಂತಿ. ಸಂಜೆ ಹೊತ್ತಿಗೆ ಆಸ್ಪತ್ರೆಯಲ್ಲಿ ಚೇತರಿಸಿಕೊಂಡರು ಅನ್ನಿ. ಚನ್ನಬಸಮ್ಮನ ಮೂಗು ಅವತ್ತು ಕಟ್ಟಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಮೈ ಜುಂ ಎನ್ನುತ್ತದೆ.

ಕ್ಲೋರಿನ್ ಪಂಪು ಪೂರ್ತಿ ತೆರೆದುಕೊಂಡಿತ್ತು. ತೆರೆದವರು ಯಾರು? ಡ್ಯೂಟಿಯಲ್ಲಿ ಇದ್ದವರು ಚಿಕ್ಕಮಾದು. ಇನ್ನು ಕೇಳುವುದೇನಿದೆ! ಅವತ್ತೇ ಮನೆಗೆ ಕಳಿಸಿದರು. ವಿಚಾರಣೆ ಮುಗಿಯುವವರೆಗೆ ಪಂಪ್‌ಹೌಸಿನ ಹತ್ತಿರ ಸುಳಿಯಕೂಡದು ಎಂದು ಆದೇಶ. "ನಾನು ಕ್ಲೋರಿನ್ ವಾಲ್ ಮುಟ್ನೇ ಇಲ್ಲ ಸಾ, ಹೆಸ್ರು ಬರ್ದೆ ಅಷ್ಟೇಯ" ಎಂದು ಅವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಕಿಕೊಂಡವರು ಇಂದ್ರಾಣಿ ಒಬ್ಬರೇ. ಪೆಟ್ಟಿಗೆಯ ದಾಖಲೆ ತೆಗೆದು ನೋಡಿದರೆ, ಹೆಸರು ಬಂದ ಗಳಿಗೆ, ಪೆಟ್ಟಿಗೆ ಆರಿ ಹತ್ತಿದ ಗಳಿಗೆ, ಪಂಪು ತೆರೆದ ಗಳಿಗೆ, ಮೂರೂ ಒಂದೇ. ಅವರು ಸ್ಟೋರಿನಲ್ಲಿ ಬಿದ್ದಿದ್ದ ಒಂದು ಹಳೇ ಪೆಟ್ಟಿಗೆಯನ್ನು ಅಲ್ಲಿನ ಪುಸ್ತಕದಲ್ಲಿ ಸಹಿ ಹಾಕಿ ಮನೆಗೆ ತಂದರು. ಭಾನುವಾರ ಮಧ್ಯಾಹ್ನ ನಡುಮನೆಯಲ್ಲಿ ಅದಕ್ಕೊಂದು ಪುಟ್ಟ ಪಂಪು ಕಟ್ಟಿ, ಪಂಪನ್ನು ಬಕೆಟ್ಟಿಗೆ ಇಳಿಬಿಟ್ಟು, ಚಿಕ್ಕಮಾದು ಬರೆದಿದ್ದನ್ನೇ ಅಕ್ಷರ ಬಿಡದೆ ಟೈಪು ಮಾಡಿದರು. ಪೆಟ್ಟಿಗೆ ಟಕ್ ಎಂದಿತು. ದೀಪ ಆರಿ ಹತ್ತಿತು. ಬಕೆಟ್ಟಿನ ನೀರು ಗಿರ್ರನೆ ಚಾವಣಿಗೆ ಹಾರಿತು. ಒಳಗೆ ರೊಟ್ಟಿ ತಟ್ಟುತ್ತಿದ್ದ ಮಹದೇವಮ್ಮ "ಏನೇ ಅದು, ಮನೆನೆಲ್ಲಾ ಕೆರೆ ಮಾಡ್ತಿದ್ದೀಯಾ?" ಎಂದು ಗದರಿದರು. ಮಗಳು ಮತ್ತೆ ಬಕೆಟ್ಟು ತುಂಬಿದರು. ಏಳು ಸಲ ಮಾಡಿ ನೋಡಿದರು. ಏಳು ಸಲವೂ ಅದೇ.

"ಚಿಕ್ಕಮಾದಣ್ಣ ಏನೂ ಮಾಡಿಲ್ಲ ಅಂತ ಖುಷಿ ಪಡ್ಬೇಕಿತ್ತು. ಆದ್ರೆ ತಲೇಲಿ ಬಂದಿದ್ದು ಒಂದೇ. ಅಣ್ಣ ಗೊತ್ತಿಲ್ದೆ ಮಾಡಿದ್ದನ್ನ ಯಾರಾದ್ರೂ ಗೊತ್ತಿದ್ದು ಮಾಡಿದ್ರೆ?"

ಆಗಿದ್ದಿಷ್ಟು. ಬಂದ ಹೆಸರನ್ನು ಇಟ್ಟುಕೊಳ್ಳಲು ಆ ಲೈಬ್ರರಿ ತನ್ನ ನೆನಪಿನಲ್ಲಿ ಅರವತ್ತನಾಲ್ಕು ಮನೆ ಕಾದಿರಿಸುತ್ತದೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಮನೆ ಸಾಕು. ಕನ್ನಡಕ್ಕೆ ಮೂರು ಬೇಕು, ಕಾಗುಣಿತ ಒತ್ತು ಸೇರಿದರೆ ಆರು, ಒಂಬತ್ತು. ಚಿಕ್ಕಮಾದು ಅವರ ಪೂರ್ತಿ ಹೆಸರಿಗೆ ನೂರಾ ಅರವತ್ತು ಮನೆ ಬೇಕಿತ್ತು. ಲೈಬ್ರರಿ ಅಳತೆ ನೋಡದೆ ಸುರಿಯಿತು, ಸೇರಿನೊಳಗೆ ಕೊಳಗದ ರಾಗಿ ಸುರಿದಂತೆ. ಚೆಲ್ಲಿದ್ದು ಪಕ್ಕದ ಮನೆಗಳಿಗೆ ಹೋಗಿ ಕೂತಿತು. ಪಕ್ಕದಲ್ಲಿ ಇದ್ದದ್ದು ಕ್ಲೋರಿನ್ ಎಷ್ಟು ಬಿಡಬೇಕು ಎಂಬ ಸಂಖ್ಯೆ. ಅದರ ಮೇಲೆ ಮೂಗೂರಿನ ಅಕ್ಷರಗಳು ಬಿದ್ದು, ಪೆಟ್ಟಿಗೆ ಅದನ್ನೇ ಸಂಖ್ಯೆ ಎಂದು ಓದಿಕೊಂಡು, ಪಂಪನ್ನು ಪೂರ್ತಿ ತೆರೆಯಿತು.

ಇದರಲ್ಲಿ ಹೆದರಬೇಕಾದದ್ದು ಚೆಲ್ಲಿದ್ದಕ್ಕಲ್ಲ. ಗುಟ್ಟು ತಿಳಿದವನು ಅಳೆದು ತೂಗಿ ಚೆಲ್ಲಬಹುದು. ಪೆಟ್ಟಿಗೆಯೊಳಗೆ ಸಿಮ್ಮಿದೆಯಲ್ಲ, ಅವನು ನರಸೀಪುರಕ್ಕೆ ಬರಬೇಕಾಗಿಯೂ ಇಲ್ಲ. ಎಲ್ಲೋ ಕುರ್ಚಿಯ ಮೇಲೆ ಕೂತು ಮೂವತ್ತೊಂದು ಊರಿನ ನೀರನ್ನು ತನಗೆ ಬೇಕಾದಂತೆ ಮಾಡಬಹುದು. ದೇವರೇ, ಎಂಥ ಗುಟ್ಟನ್ನು ಎಂಥ ಹೆಣ್ಣುಮಗಳ ಮಡಿಲಿಗೆ ಹಾಕಿದೆಯಪ್ಪ!

ಇಂದ್ರಾಣಿ ಆ ಲೈಬ್ರರಿಯನ್ನು ನೋಡಿಕೊಳ್ಳುವವರಿಗೆ ಬರೆದರು. ಎಲ್ಲೋ ದೂರದ ದೇಶದ ಇಬ್ಬರು, ಹೊಟ್ಟೆಪಾಡಿನ ಕೆಲಸ ಮುಗಿಸಿ ಮಿಕ್ಕ ಹೊತ್ತಿನಲ್ಲಿ ಇದನ್ನು ಸಾಕುತ್ತಿರುವವರು. ಮಾರನೆಯ ದಿನವೇ ಉತ್ತರ ಬಂತು. ನೀವು ಹೇಳಿದ್ದು ನಿಜ, ನಮಗೂ ಗಾಬರಿಯಾಗಿದೆ, ಸರಿ ಮಾಡುತ್ತೇವೆ, ಪೆಟ್ಟಿಗೆ ಕಂಪನಿಗೂ ನಾವೇ ತಿಳಿಸುತ್ತೇವೆ, ಅಲ್ಲಿಯವರೆಗೆ ದಯವಿಟ್ಟು ಯಾರಿಗೂ ಹೇಳಬೇಡಿ. ತೊಂಬತ್ತು ದಿನ. ಈ ಕಸುಬಿನಲ್ಲಿ ಇದು ನಡೆದುಬಂದ ಪದ್ಧತಿ. ಬೀಗದ ದೋಷ ಕಂಡವರು ಹೊಸ ಬೀಗ ಬರುವ ತನಕ ಸುಮ್ಮನಿರಬೇಕು. ಇಂದ್ರಾಣಿ ಒಪ್ಪಿಕೊಂಡರು. ಒಪ್ಪಿಕೊಳ್ಳುವಾಗ ಅವರ ಕಣ್ಣ ಮುಂದೆ ಇದ್ದದ್ದು ಅಂಗನವಾಡಿಯ ಮಕ್ಕಳು. ಚಿಕ್ಕಮಾದು ಇರಲಿಲ್ಲ. ಇದನ್ನು ಅವರೇ ಹೇಳುತ್ತಾರೆ, ಹೇಳುವಾಗ ತಲೆ ಎತ್ತುವುದಿಲ್ಲ.

ಸುಮ್ಮನಿರುವುದು ಎಂದರೆ ಕೈಕಟ್ಟಿ ಕೂರುವುದಲ್ಲವಲ್ಲ. ಆಪರೇಟರ್ ಇರುವ ಒಂಬತ್ತು ಕಡೆ ಕ್ಲೋರಿನ್ ಪಂಪನ್ನು ಪೆಟ್ಟಿಗೆಯಿಂದ ಬಿಡಿಸಿ ಕೈಯಲ್ಲಿ ತಿರುಗಿಸುವಂತೆ ಮಾಡಿದರು. ಹೆಸರು ಟೈಪು ಮಾಡುವುದನ್ನು, ಆ್ಯಪ್ ಕೆಟ್ಟಿದೆ ಎಂದು ಸುಳ್ಳು ಹೇಳಿ ನಿಲ್ಲಿಸಿದರು. ಮಿಕ್ಕ ಹದಿನೇಳು ಕಡೆ ಆಳೇ ಇಲ್ಲ, ಎಲ್ಲ ಪೆಟ್ಟಿಗೆಯದೇ ಕಾರುಬಾರು. ಅಲ್ಲಿ ಇಂದ್ರಾಣಿ ಕಂಡುಕೊಂಡ ದಾರಿ ಸರಳವಾದದ್ದು. ವಾರಕ್ಕಾಗುವಷ್ಟು ಕ್ಲೋರಿನ್ ದ್ರಾವಣವನ್ನು ತೊಟ್ಟಿಗೆ ತುಂಬುವ ರೂಢಿಯನ್ನೇ ನಿಲ್ಲಿಸಿಬಿಟ್ಟರು. ಆ ದಿನದ ನೀರಿಗೆ ಸಾಲುವಷ್ಟೇ ತುಂಬಿದರೆ, ಯಾರು ಎಷ್ಟೇ ತೆರೆದರೂ ಬೀಳುವುದು ಅಷ್ಟೇ ತಾನೇ? ಆದರೆ ಅದಕ್ಕಾಗಿ ಹದಿನೇಳೂ ಕಡೆಗೆ ದಿನಾ ಓಡಬೇಕು. ಒಂದು ದಿಕ್ಕು ಇವರು, ಇನ್ನೊಂದು ದಿಕ್ಕು ಜೊತೆಯ ಮೆಕ್ಯಾನಿಕ್ ಗುರು.

"ಅಕ್ಕಾ, ನಿಂಗೇನ್ ದೆವ್ವ ಮೆಟ್ಕಂಡೈತಾ? ವಾರದ್ ಕೆಲ್ಸ ದಿನಾ ಮಾಡ್ಸ್ತೀಯಲ್ಲ!" ಎಂದು ಗುರು ರೇಗುತ್ತಿದ್ದರಂತೆ. "ತೊಟ್ಟಿ ಸೋರ್ತಾವೆ ಕಣೋ" ಎಂದು ಇವರು ಮತ್ತೊಂದು ಸುಳ್ಳು ಹೇಳಿದರು. ಹದಿನೇಳು ತೊಟ್ಟಿ ಒಟ್ಟಿಗೆ ಸೋರುತ್ತವೆಯೇ ಎಂದು ಆ ಮನುಷ್ಯ ಕೇಳಲಿಲ್ಲ. ಗೊಣಗಿಕೊಂಡೇ ತುಂಬಿದರು.

ನಲವತ್ತನೆಯ ದಿನ ಸೋಮನಾಥಪುರದ ಕಡೆಯ ಪೆಟ್ಟಿಗೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತು. ಇಂದ್ರಾಣಿ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಳ್ಳುವಾಗ ಆಫೀಸಿನಿಂದ ಫೋನು ಬಂತು. ಹಣ್ಣು ಅಲ್ಲೇ ಬಿಟ್ಟು ಸ್ಕೂಟರ್ ಹತ್ತಿದವರು ಎಲ್ಲೂ ನಿಲ್ಲಲಿಲ್ಲ. ಬಂತು, ಯಾರೋ ಒಳಗೆ ಬಂದೇಬಿಟ್ಟರು, ನನ್ನ ಲೆಕ್ಕ ತಪ್ಪಿತು ಎಂದು ದಾರಿ ಉದ್ದಕ್ಕೂ ಒಬ್ಬರೇ ಮಾತಾಡಿಕೊಂಡರಂತೆ. ಪಂಪ್‌ಹೌಸಿನ ಬೀಗ ತೆಗೆದು ನೇರ ಪೆಟ್ಟಿಗೆಯ ಮುಂದೆ ನಿಂತರು. ಕಡೆಗೆ ನೋಡಿದರೆ ಏನು ಗೊತ್ತೇ? ಸಿಮ್ಮಿಗೆ ರೀಚಾರ್ಜ್ ಮಾಡಿಸಿರಲಿಲ್ಲ! ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕರು, ನಗುತ್ತಾ ಅತ್ತರು. ನೋಡಿದ ಒಬ್ಬ ಕುರಿಗಾಹಿ ಹತ್ತಿರ ಬರಲು ಹೆದರಿ ದೂರದಿಂದಲೇ ನೀರಿನ ಬಾಟಲಿ ಉರುಳಿಸಿದನಂತೆ.

ಇಷ್ಟೆಲ್ಲದರ ನಡುವೆ ಚಿಕ್ಕಮಾದು ಮನೆಯಲ್ಲೇ. ಇಂದ್ರಾಣಿ ಒಮ್ಮೆ ತಡೆಯಲಾರದೆ ಯೋಜನೆಯ ಎಂಜಿನಿಯರ್ ಗಂಗಾಧರಸ್ವಾಮಿಯವರ ಟೇಬಲ್ಲಿನ ಮುಂದೆ ಹೋಗಿ ನಿಂತರು.

"ಸಾರ್, ಚಿಕ್ಕಮಾದಣ್ಣನ ತಪ್ಪಿಲ್ಲ."

"ಮತ್ತೆ ಯಾರದಮ್ಮ?"

"ಅದು ಹೇಳಕ್ಕಾಗಲ್ಲ ಸಾರ್. ಸ್ವಲ್ಪ ದಿನ ಟೈಮ್ ಕೊಡಿ."

"ಯಾರು ಅಂತ ಹೇಳಲ್ಲ, ಹೇಗೆ ಅಂತ ಹೇಳಲ್ಲ. ಬರವಣಿಗೇಲಿ ಕೊಡು, ನೋಡೋಣ. ಇಬ್ಬರು ಮಕ್ಕಳು ಆಸ್ಪತ್ರೆಗೆ ಹೋಗಿದ್ದಾರೆ, ನಾನು ಮೇಲಿನೋರಿಗೆ ಏನು ಉತ್ತರ ಕೊಡ್ಲಿ?"

ಅವರು ಕೆಟ್ಟವರಲ್ಲ. ಕೇಳಿದ್ದರಲ್ಲಿ ತಪ್ಪೂ ಇಲ್ಲ. ಆದರೆ ಬರೆದುಕೊಟ್ಟ ಕಾಗದ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಯಾರೋ ಅದರ ಫೋಟೊ ತೆಗೆಯುತ್ತಾರೆ, ಗ್ರೂಪಿಗೆ ಹಾಕುತ್ತಾರೆ, ಮಧ್ಯಾಹ್ನದೊಳಗೆ ಮೈಸೂರು ಮುಟ್ಟುತ್ತದೆ. ಆಮೇಲೆ ಎಲ್ಲಿಗೆ ಹೋಗುತ್ತದೋ ಯಾರು ಬಲ್ಲರು? ಇಂದ್ರಾಣಿ ಬರೆದುಕೊಡಲಿಲ್ಲ. "ಆವತ್ತು ಬಾಗಿಲು ದಾಟೋವಾಗ ನನ್ನ ನಾನೇ ಬೈಕೊಂಡೆ. ಮೂಗೂರಿನ ಮೇಲೆ ಹೋಗ್ಬೇಕಾದಾಗ್ಲೂ ಅವ್ರ ಬೀದಿ ತಪ್ಪಿಸಿ ಸುತ್ತಾಕ್ಕೊಂಡು ಹೋಗ್ತಿದ್ದೆ. ಮುಖ ತೋರ್ಸಕ್ಕೆ ಧೈರ್ಯ ಇರ್ಲಿಲ್ಲ."

ಎಂಬತ್ಮೂರನೆಯ ದಿನ ಲೈಬ್ರರಿ ಸರಿಯಾಯಿತು. ಎಂಬತ್ತಾರಕ್ಕೆ ಕಂಪನಿ ಪೆಟ್ಟಿಗೆಗೆ ಹೊಸ ಸಾಫ್ಟ್‌ವೇರ್ ಕಳಿಸಿತು. ಮುಗಿಯಿತಲ್ಲ ಎಂದು ನಾವು ನೀವು ಅಂದುಕೊಳ್ಳುತ್ತೇವೆ. ಇಂದ್ರಾಣಿಗೆ ನಿಜವಾದ ನಡುಕ ಶುರುವಾದದ್ದೇ ಆಗ. ತೊಂಬತ್ತನೆಯ ದಿನ ದೋಷ ಇಂಥದ್ದು, ಇಂಥ ಕಡೆ ಇತ್ತು ಎಂದು ಜಗತ್ತಿಗೆಲ್ಲ ಸಾರುತ್ತಾರೆ. ಸಾರಲೇಬೇಕು, ಇಲ್ಲದಿದ್ದರೆ ಬೇರೆಯವರು ತಮ್ಮದನ್ನು ಸರಿಮಾಡಿಕೊಳ್ಳುವುದು ಹೇಗೆ? ಆದರೆ ಅದನ್ನು ಒಳ್ಳೆಯವರಷ್ಟೇ ಓದುವುದಿಲ್ಲ. ಅಷ್ಟರೊಳಗೆ ಇಪ್ಪತ್ತಾರು ಪೆಟ್ಟಿಗೆಗೂ ಹೊಸದು ಹಾಕಬೇಕು, ಒಂದೊಂದಕ್ಕೂ ಲ್ಯಾಪ್‌ಟಾಪು ಕಟ್ಟಿ ನಲವತ್ತು ನಿಮಿಷ ಕಾಯಬೇಕು. ಗುರುವಿಗೆ ಕಡೆಗೂ ವಿಷಯ ಹೇಳಿದರು. ಆ ಮನುಷ್ಯ ಕೇಳಿ ಬಾಯಿ ತೆರೆದವರು, "ಥೂ, ಅದ್ಕಾ ತೊಟ್ಟಿ ಸೋರ್ತಿದ್ದಿದ್ದು! ನಡಿಯಕ್ಕಾ" ಎಂದು ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿದರು. ನಾಲ್ಕನೆಯ ದಿನ ಮಧ್ಯಾಹ್ನ ಮೂರಕ್ಕೆ ಇಪ್ಪತ್ತಾರನೆಯದು ಮುಗಿಯಿತು. ಸಂಜೆ ಆರಕ್ಕೆ ದೋಷದ ವಿವರ ಹೊರಬಿತ್ತು. ಕಡೆಯ ಸಾಲಿನಲ್ಲಿ, ಇದನ್ನು ಕಂಡು ತಿಳಿಸಿದವರು ಇಂದ್ರಾಣಿ, ನಂಜನಗೂಡು ಎಂದಿತ್ತು. ನಂಜನಗೂಡಿನಲ್ಲಿ ಅದನ್ನು ಓದಿದವರು ಇಂದ್ರಾಣಿ ಒಬ್ಬರೇ.

ಮಾರನೆಯ ಬೆಳಿಗ್ಗೆ ಅವರು ಗಂಗಾಧರಸ್ವಾಮಿಯವರಿಗೆ ಎಲ್ಲವನ್ನೂ ಬರವಣಿಗೆಯಲ್ಲಿ ಕೊಟ್ಟರು. ಎಂಜಿನಿಯರು ಎರಡು ಸಲ ಓದಿ, ಬೆವರು ಒರೆಸಿಕೊಂಡು, ಚಿಕ್ಕಮಾದುವನ್ನು ಕೆಲಸಕ್ಕೆ ಕರೆಯುವ ಪತ್ರಕ್ಕೆ ಅಲ್ಲೇ ಸಹಿ ಹಾಕಿದರು. ಪತ್ರ ಹಿಡಿದು ಇಂದ್ರಾಣಿ ಮೂಗೂರಿಗೆ ಹೋದರು.

ಚಿಕ್ಕಮಾದು ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ಒಳಗೆ ಸ್ಟೌವಿನ ಮೇಲೆ ಹಾಲು ಉಕ್ಕುವ ಸದ್ದು. ಎರಡೇ ಹೆಜ್ಜೆ ದೂರವಿದ್ದರೂ ಅವರು ಏಳಲಿಲ್ಲ, "ಅಮ್ಮೀ, ಹಾಲು" ಎಂದು ಹೆಂಡತಿಯನ್ನು ಕೂಗಿದರು. ಹಿತ್ತಲಿನಿಂದ ಓಡಿಬಂದ ಚಿಕ್ಕಮಾದಮ್ಮ ಉರಿ ಆರಿಸಿ ಬಂದು, "ಮೂರ್ ತಿಂಗ್ಳಿಂದ ಇಂಗೇಯ. ಗ್ಯಾಸ್ ಮುಟ್ಟಕಿಲ್ಲ, ನಲ್ಲಿ ಮುಟ್ಟಕಿಲ್ಲ. ತಗ್ದು ಅಂಗೇ ಬುಟ್ಬುಡ್ತೀನೇನೋ ಅಂತ ಭಯ" ಎಂದರು.

ಇಂದ್ರಾಣಿ ಪತ್ರ ಕೊಟ್ಟು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು. ಮನೆಗಳ ಲೆಕ್ಕ, ಚೆಲ್ಲಿದ ಅಕ್ಷರ, ತೊಂಬತ್ತು ದಿನ. ಚಿಕ್ಕಮಾದು ಪತ್ರದ ಕಡೆ ನೋಡಲೇ ಇಲ್ಲ. ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು.

"ಅಂಗಾರೆ ನಾನು ವಾಲ್ ಬುಟ್ಟಿರ್ನಿಲ್ವಾ ಕೂಸೆ?"

"ಇಲ್ಲಣ್ಣ. ನೀವು ಮುಟ್ಟೇ ಇಲ್ಲ."

"ಮೊದ್ಲು ನಾನಲ್ಲ ನಾನಲ್ಲ ಅಂತಿದ್ದೆ. ಎಲ್ರೂ ನೀನೇ ನೀನೇ ಅಂದ್ರಲ್ಲ, ಆಮ್ಯಾಕೆ ನಂಗೇ ಅನ್ಸಕ್ ಸುರುವಾಯ್ತು. ಇದ್ರೂ ಇರ್ಬೌದು, ಮರ್ತಿರ್ಬೌದು ಅಂತ. ಆ ಮಕ್ಕಳ ಗಂಟ್ಲು ನಾನೇ ಸುಟ್ಟೆ ಅಂತ ಮೂರ್ ತಿಂಗ್ಳು ಈ ಕೈಯಾಗೆ ಉಣ್ಣಕ್ಕೆ ಏಸಿಗೆ ಆಯ್ತಿತ್ತು." ಹೇಳುತ್ತಾ ಹೇಳುತ್ತಾ ಐವತ್ತಾರರ ಆ ಗಂಡಸು ಹೆಗಲ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಬಿಕ್ಕಿದರು.

ಚಿಕ್ಕಮಾದಮ್ಮ ಅಳಲಿಲ್ಲ. ಇಂದ್ರಾಣಿಯ ಎದುರು ಬಂದು ನಿಂತು ಕೇಳಿದರು. "ಗುಟ್ಟು ಏಳ್ಬಾರ್ದು, ಸರಿ ಕಣವ್ವ. ನೀರು ಕಾದೆ, ಒಳ್ಳೇದ್ ಮಾಡ್ದೆ. ಆದ್ರೆ ನೀನಲ್ಲ ಅಂತ ಇವ್ರಿಗೆ ಒಂದ್ ಮಾತು ಏಳಕ್ಕೆ ಏನಾಗಿತ್ತು? ಯಾಕೆ ಅಂತ ನಾವೇನು ಕೇಳ್ತಿದ್ವಾ?"

ಇಂದ್ರಾಣಿ ಎಂಜಿನಿಯರಿಗೆ ಹೇಳಿದ್ದರು, ಸುಳ್ಳುಗಳನ್ನು ಎಷ್ಟೋ ಜನಕ್ಕೆ ಹೇಳಿದ್ದರು. ಕೇಳಬೇಕಾದ ಮನುಷ್ಯನಿಗೆ ಆ ಒಂದು ನಿಜ ಹೇಳಬೇಕೆಂದು ಹೊಳೆದೇ ಇರಲಿಲ್ಲ. "ತಪ್ಪಾಯ್ತಕ್ಕಾ" ಎಂದರು. ಅವರು ಕೊಟ್ಟ ಹಾಲು ಕುಡಿದು ಬಂದರು.

ಈಗ ಚಿಕ್ಕಮಾದು ಮತ್ತೆ ಪಂಪ್‌ಹೌಸಿನಲ್ಲಿದ್ದಾರೆ. ಇಂದ್ರಾಣಿ ಬಿಡುವಿದ್ದಾಗಲೆಲ್ಲ ಆ ಲೈಬ್ರರಿಯ ಸಾಲುಗಳನ್ನು ಒಂದೊಂದಾಗಿ ಓದುತ್ತಾರೆ. ಯಾರೂ ಓದು ಎಂದು ಹೇಳಿಲ್ಲ, ಓದಿದ್ದಕ್ಕೆ ಯಾರೂ ಕಾಸು ಕೊಡುವುದೂ ಇಲ್ಲ. ನಿಮ್ಮ ಆಸೆ ಏನು ಎಂದು ಕೇಳಿದರೆ, "ಏನೂ ಸಿಗದೇ ಇರ್ಲಿ ಅಂತ್ಲೇ ಓದ್ತೀನಿ ಕಣ್ರೀ," ಎನ್ನುತ್ತಾರೆ.

ಕಳೆದ ಗುರುವಾರ ಅವರು ಓದುತ್ತಾ ಓದುತ್ತಾ ಒಂದು ಕಡೆ ನಿಂತರಂತೆ. ಯಾವ ಕಡೆ, ಏನು ಎಂದು ಅವರು ಹೇಳಲಿಲ್ಲ, ಕೇಳುವುದು ಸರಿಯೂ ಅಲ್ಲ. ದೂರದ ಆ ಇಬ್ಬರಿಗೆ ಬರೆದು ಕಳಿಸಿದರು. ಕಳಿಸಿದವರೇ ಲ್ಯಾಪ್‌ಟಾಪು ಮುಚ್ಚಿ ಚಿಕ್ಕಮಾದು ಅವರಿಗೆ ಫೋನು ಮಾಡಿದರು.

"ಅಣ್ಣಾ, ಇವತ್ತಿಂದ ಪಂಪ್‌ಹೌಸಲ್ಲಿ ಏನೇ ಹೆಚ್ಚು ಕಮ್ಮಿ ಆದ್ರೂ ಅದು ನಿಮ್ಮ ಕೈಯಿಂದ ಆಗಿದ್ದಲ್ಲ. ಯಾರು ಏನೇ ಅಂದ್ರೂ ನೀವಲ್ಲ. ಯಾಕೆ ಅಂತ ಮಾತ್ರ ಕೇಳ್ಬೇಡಿ."

ಆ ಕಡೆ ಮೋಟಾರು ಓಡುವ ಸದ್ದು.

"ಕೇಳಕಿಲ್ಲ ಬುಡು ಕೂಸೆ," ಎಂದರು ಚಿಕ್ಕಮಾದು. "ಎಷ್ಟ್ ದಿನ ಅಂತ ಏಳು, ಸಾಕು. ನಾನೂ ಎಣಿಸ್ತೀನಿ."